ಐರಿಶ್ ಸನ್, ಐರಿಶ್ ಮಿರರ್: ಇವುಗಳಲ್ಲಿ ‘ನಾವು’ ಅಂದರೆ ಯಾರು?

ಡಬ್ಲಿನ್‌ಗೆ ಬಂದು ಎರಡು ತಿಂಗಳಾಯಿತು ಅಂದಿದ್ದೀರಿ. ಅಂಗಡಿಯ ಪೇಪರ್ ಸ್ಟ್ಯಾಂಡಿನಲ್ಲಿ ಐರಿಶ್ ಸನ್, ಐರಿಶ್ ಡೈಲಿ ಮಿರರ್, ಐರಿಶ್ ಡೈಲಿ ಸ್ಟಾರ್, ಐರಿಶ್ ಡೈಲಿ ಮೇಲ್ ಸಾಲಾಗಿ ಇಟ್ಟಿದ್ದನ್ನು ನೋಡಿ, ‘ಇವೆಲ್ಲ ಲಂಡನ್ ಪೇಪರ್‌ಗಳೇ ತಾನೆ? ಹೆಸರಿನ ಮುಂದೆ ಐರಿಶ್ ಅಂತ ಅಂಟಿಸಿದ್ದು ಬಿಟ್ಟರೆ ಒಳಗೆ ಬೇರೇನಾದರೂ ಇರುತ್ತದಾ, ಇಷ್ಟು ಕಷ್ಟಪಟ್ಟು ಬೇರೆ ಎಡಿಷನ್ ಯಾಕೆ ತರುತ್ತಾರೆ?’ ಅಂತ ಕೇಳಿದ್ದೀರಿ.

ಒಳಗೆ ಬೇರೆ ಇರುತ್ತದೆ, ಸಾಕಷ್ಟು ಬೇರೆ ಇರುತ್ತದೆ. ಅದನ್ನು ಕಂಡುಹಿಡಿಯುವುದಕ್ಕೆ ನನ್ನ ಹತ್ತಿರ ಒಂದೇ ದಾರಿ: ‘ನಾವು’, ‘ನಮ್ಮ’ ಅನ್ನುವ ಪದಗಳು ಎಲ್ಲಿ ಬರುತ್ತವೆ ಅಂತ ಹುಡುಕುವುದು.

ಐರ್ಲೆಂಡಿಗೆ ಬರುವ ಮುಂಚೆ ಕೆಲವು ವರ್ಷ ಹುಬ್ಬಳ್ಳಿಯಲ್ಲಿ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಪುಟ ಕಟ್ಟುತ್ತಿದ್ದೆ. ಬೆಂಗಳೂರಿನಿಂದ ಬಂದ ಸುದ್ದಿಯನ್ನು ನಮ್ಮ ಆವೃತ್ತಿಗೆ ಹಾಕುವಾಗ ಮೊದಲು ಮಾಡುತ್ತಿದ್ದ ಕೆಲಸ ‘ನಗರದಲ್ಲಿ’ ಅಂತ ಇದ್ದಲ್ಲಿ ‘ಬೆಂಗಳೂರಿನಲ್ಲಿ’ ಅಂತ ತಿದ್ದುವುದು. ರಾತ್ರಿ ಹನ್ನೊಂದಕ್ಕೆ ಪುಟ ಬಿಡುವ ಗಡಿಬಿಡಿಯಲ್ಲಿ ಅದೊಂದು ತಪ್ಪಿಹೋದರೆ ಬೆಳಿಗ್ಗೆ ಓದುಗರ ಫೋನು ಗ್ಯಾರಂಟಿ: ‘ಏನ್ರೀ, ನಗರದಾಗ ಮೆಟ್ರೊ ಅಂತ ಬರದೀರಿ, ನಮ್ಮ ಊರಾಗ ಮೆಟ್ರೊ ಎಲ್ಲೈತಿ?’ ಅಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ಇಲ್ಲಿನ ಟ್ಯಾಬ್ಲಾಯ್ಡ್ ಡೆಸ್ಕಿನವರ ಕಷ್ಟವೂ ಅದೇ, ಆದರೆ ಅವರು ದಾಟಬೇಕಾದದ್ದು ಜಿಲ್ಲೆಯ ಗಡಿಯಲ್ಲ, ದೇಶದ ಗಡಿ. ಲಂಡನ್ನಿನಲ್ಲಿ ಬರೆದವನ ‘ನಮ್ಮ ಹುಡುಗರು’ ಬ್ರಿಟಿಷ್ ಸೈನಿಕರು. ‘ನಮ್ಮ ರಾಜ’, ‘ನಮ್ಮ ತೆರಿಗೆ ಹಣ’, ‘ನಮ್ಮ ಪ್ರಧಾನಿ’ ಎಲ್ಲವೂ ಡಬ್ಲಿನ್ ಓದುಗನಿಗೆ ಪಕ್ಕದ ದೇಶದವು. ಇವನ ಸರ್ಕಾರದ ಮುಖ್ಯಸ್ಥರಿಗೆ ‘ಟೀಶಕ್’ ಅನ್ನುತ್ತಾರೆ, ಇವನ ಜೇಬಿನಲ್ಲಿರುವುದು ಯೂರೊ. ಪೌಂಡನ್ನು ಯೂರೊ ಮಾಡುವುದು ಸುಲಭ. ಆ ‘ನಮ್ಮ’ವನ್ನು ಬದಲಿಸುವುದು ಸುಲಭವಲ್ಲ.

ಡಬ್ಲಿನ್ ಬಂದರಿನಿಂದ ವೇಲ್ಸಿನ ಹೋಲಿಹೆಡ್‌ಗೆ ಹಡಗಿನಲ್ಲಿ ಮೂರೂಕಾಲು ಗಂಟೆ. ಒಮ್ಮೆ ಆ ಕಡೆ ಹೋಗುವಾಗ ಬೆಳಿಗ್ಗೆ ಇಲ್ಲಿ ಒಂದು ಸನ್ ಕೊಂಡೆ, ದಡ ಸೇರಿದ ಮೇಲೆ ಅಲ್ಲಿ ಇನ್ನೊಂದು ಸನ್ ಕೊಂಡೆ. ಚೆಸ್ಟರ್ ಕಡೆಗೆ ಹೋಗುವ ರೈಲಿನಲ್ಲಿ ಎರಡನ್ನೂ ಟೇಬಲ್ ಮೇಲೆ ಹರಡಿಕೊಂಡು ಪುಟಕ್ಕೆ ಪುಟ ಹೋಲಿಸುತ್ತ ಕೂತೆ. ಮುಖಪುಟ ಪೂರ್ತಿ ಬೇರೆ. ಮುಂದಿನ ಕೆಲವು ಪುಟಗಳೂ ಬೇರೆ, ಇಲ್ಲಿಯದರಲ್ಲಿ ಡಬ್ಲಿನ್ ಕೋರ್ಟಿನ ಸುದ್ದಿ, ಲಿಮರಿಕ್‌ನ ಪೊಲೀಸ್ ದಾಳಿ. ಮಧ್ಯದಲ್ಲಿ ಸಿನಿಮಾ ನಟರು, ಟಿವಿ ಧಾರಾವಾಹಿ, ಆರೋಗ್ಯ ಸಲಹೆ, ರಾಶಿ ಭವಿಷ್ಯ, ಎಲ್ಲ ಅಕ್ಷರಕ್ಕೆ ಅಕ್ಷರ ಒಂದೇ. ಜಾಹೀರಾತು ಮತ್ತೆ ಬೇರೆ: ಅಲ್ಲಿ ಬ್ರಿಟನ್ನಿನ ಸೂಪರ್ ಮಾರ್ಕೆಟ್, ಇಲ್ಲಿ ಡನ್ಸ್, ಸೂಪರ್‌ವ್ಯಾಲ್ಯೂ. ಕೊನೆಯ ಪುಟಗಳಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್ಬಾಲ್ ಎರಡರಲ್ಲೂ ಇತ್ತು, ಐರ್ಲೆಂಡಿನದೇ ಆಟಗಳಾದ ಗೇಲಿಕ್ ಫುಟ್ಬಾಲ್ ಮತ್ತು ಹರ್ಲಿಂಗ್ ಇದ್ದದ್ದು ಇಲ್ಲಿಯದರಲ್ಲಿ ಮಾತ್ರ. ಒಂದೇ ಹಿಟ್ಟಿಗೆ ಎರಡು ಊರಿನ ಒಗ್ಗರಣೆ ಅಂತ ಆಗ ಅನ್ನಿಸಿತ್ತು. ಈಗ ಆ ಮಾತು ಸಾಲದು ಅನ್ನಿಸುತ್ತದೆ. ಮುಖಪುಟದಲ್ಲಿ ಏನಿರಬೇಕು ಅಂತ ತೀರ್ಮಾನಿಸುವವರು ಯಾವ ಊರಿನಲ್ಲಿ ಕೂತಿದ್ದಾರೆ ಅನ್ನುವುದು ಒಗ್ಗರಣೆಗಿಂತ ದೊಡ್ಡ ವಿಷಯ.

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಯಾಕೆಂದರೆ ‘ಐರ್ಲೆಂಡಿಗೆ ಬೇರೆ ಪ್ರತಿ’ ಅನ್ನುವುದು ಮೊದಲು ಹುಟ್ಟಿದ್ದು ಸೇರಿಸುವುದಕ್ಕಲ್ಲ, ತೆಗೆಯುವುದಕ್ಕೆ. ಸ್ವತಂತ್ರ ಐರ್ಲೆಂಡ್ 1929ರಲ್ಲಿ ಪ್ರಕಟಣೆಗಳ ಸೆನ್ಸಾರ್ ಕಾಯ್ದೆ ತಂದಿತು. ಅಪರಾಧದ ಸುದ್ದಿಗೆ ಅತಿಯಾಗಿ ಜಾಗ ಕೊಡುವ ಪತ್ರಿಕೆಗಳನ್ನು ನಿಷೇಧಿಸಲು ಅದರಲ್ಲಿ ಅವಕಾಶವಿತ್ತು, ಗರ್ಭನಿರೋಧದ ಪ್ರಚಾರವಂತೂ ಕಾನೂನುಬಾಹಿರ. ಲಂಡನ್ನಿನ ಭಾನುವಾರದ ಪತ್ರಿಕೆ ನ್ಯೂಸ್ ಆಫ್ ದ ವರ್ಲ್ಡ್ ಮರುವರ್ಷವೇ ನಿಷೇಧಕ್ಕೆ ಸಿಕ್ಕಿತು. ಸಮುದ್ರ ದಾಟಿ ಬರುವ ಪತ್ರಿಕೆಗಳ ಜಾಹೀರಾತು ಕೂಡ ಈ ಕಾಯ್ದೆಗೆ ಅಂಜಬೇಕಿತ್ತು. ಇದು ಅಜ್ಜಂದಿರ ಕಾಲದಲ್ಲೇ ಮುಗಿದ ಕಥೆ ಅಂದುಕೊಳ್ಳಬೇಡಿ. ಗರ್ಭಪಾತದ ಮಾಹಿತಿ ಕೊಡುವುದು ಇಲ್ಲಿ ನಿಷಿದ್ಧವಾಗಿದ್ದಾಗ ಕಾಸ್ಮೊಪಾಲಿಟನ್ ನಿಯತಕಾಲಿಕ ಐರ್ಲೆಂಡಿಗೆ ಬರುವ ಪ್ರತಿಗಳಲ್ಲಿ ಕ್ಲಿನಿಕ್ ಜಾಹೀರಾತಿನ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿತ್ತು. 1992ರ ಮೇ ತಿಂಗಳಲ್ಲಿ ಅಂಥದೇ ಒಂದು ಜಾಹೀರಾತು ಇದ್ದ ಕಾರಣಕ್ಕೆ ಒಂದು ದಿನದ ಗಾರ್ಡಿಯನ್ ಇಲ್ಲಿನ ಅಂಗಡಿಗಳಿಗೆ ಬರಲೇ ಇಲ್ಲ. ಅದೇ ವರ್ಷ ನವೆಂಬರಿನ ಜನಮತಗಣನೆಯಲ್ಲಿ ಮಾಹಿತಿ ಪಡೆಯುವ ಹಕ್ಕಿಗೆ ಜನ ಒಪ್ಪಿಗೆ ಕೊಟ್ಟರು. ನನ್ನ ಪಕ್ಕದ ಮನೆಯ ಹಿರಿಯ ಹೆಣ್ಣುಮಗಳೊಬ್ಬರು ಇವತ್ತಿಗೂ ಆ ಖಾಲಿ ಪುಟದ ಮಾತಾಡುತ್ತಾರೆ. ‘ಅಚ್ಚಾಗಿದ್ದ ಪುಟಗಳು ಒಂದೂ ನೆನಪಿಲ್ಲ, ಬಿಳಿಯದೊಂದು ನೆನಪಿದೆ’ ಅಂತ ಅವರು ಹೇಳಿದಾಗ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಸೇರಿಸುವ ಕಾಲ ಬಂದದ್ದು 1980ರ ದಶಕದ ಕೊನೆಗೆ. ಡೈಲಿ ಸ್ಟಾರ್‌ನ ಐರಿಶ್ ಆವೃತ್ತಿ 1988ರಲ್ಲಿ ಶುರುವಾಯಿತು. ಅದರಲ್ಲಿ ಲಂಡನ್ನಿನ ಎಕ್ಸ್‌ಪ್ರೆಸ್ ಗುಂಪಿನದು ಅರ್ಧ ಪಾಲು, ಡಬ್ಲಿನ್ನಿನ ಇಂಡಿಪೆಂಡೆಂಟ್ ಗುಂಪಿನದು ಅರ್ಧ. ಸನ್ ಮತ್ತು ಮಿರರ್ ಡಬ್ಲಿನ್ ಕಚೇರಿಗಳನ್ನು ಬೆಳೆಸಿದ್ದು ಅದರ ಹಿಂದೆಯೇ. ಮೇಲ್ ಬಂದದ್ದು ತಡವಾಗಿ: ಅದರ ಒಡೆಯರು 2001ರಲ್ಲಿ ಐರ್ಲೆಂಡ್ ಆನ್ ಸಂಡೇ ಅನ್ನುವ ಸ್ಥಳೀಯ ವಾರಪತ್ರಿಕೆ ಕೊಂಡರು, 2006ರಲ್ಲಿ ಐರಿಶ್ ಡೈಲಿ ಮೇಲ್ ತಂದರು, ಅದೇ ವರ್ಷ ಆ ವಾರಪತ್ರಿಕೆಯ ಹೆಸರು ಅಳಿಸಿ ಐರಿಶ್ ಮೇಲ್ ಆನ್ ಸಂಡೇ ಮಾಡಿದರು.

ಯಾಕೆ ಅಂತ ಕೇಳಿದ್ದೀರಲ್ಲ, ಕಾರಣ ಲೆಕ್ಕದ್ದು. ಇಲ್ಲಿಯ ಜನ ಓದುವುದು ಇಂಗ್ಲಿಷ್, ಆದ್ದರಿಂದ ಅನುವಾದದ ಖರ್ಚಿಲ್ಲ. ಇವರು ಬ್ರಿಟಿಷ್ ಟಿವಿ ನೋಡುತ್ತಾರೆ, ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್, ಸೆಲ್ಟಿಕ್ ಅಂತ ಪ್ರಾಣ ಬಿಡುತ್ತಾರೆ, ಮಾರ್ಚಿನಲ್ಲಿ ಚೆಲ್ಟನ್‌ಹ್ಯಾಮ್ ಕುದುರೆ ರೇಸಿಗೆ ದೇಶಕ್ಕೆ ದೇಶವೇ ಬಾಜಿ ಕಟ್ಟುತ್ತದೆ. ಪತ್ರಿಕೆಯ ಅರ್ಧಕ್ಕಿಂತ ಹೆಚ್ಚು ಪುಟಗಳ ಖರ್ಚನ್ನು ಬ್ರಿಟನ್ನಿನ ಓದುಗ ಆಗಲೇ ಕೊಟ್ಟು ಮುಗಿಸಿರುತ್ತಾನೆ. ಅದರ ಮೇಲೆ ಹತ್ತಿಪ್ಪತ್ತು ಪುಟ ಇಲ್ಲಿಯದು ಸೇರಿಸಿದರೆ ಹೊಸ ಪತ್ರಿಕೆ ಸಿದ್ಧ, ಸ್ಥಳೀಯ ಜಾಹೀರಾತಿಗೆ ಬಾಗಿಲು ತೆರೆಯಿತು. ಪೂರ್ತಿ ಪತ್ರಿಕೆಯನ್ನು ಇಲ್ಲಿಯೇ ಕೈಯಾರೆ ಮಾಡುವವನಿಗಿಂತ ಕಡಿಮೆ ಬೆಲೆಗೆ ಅದನ್ನು ಮಾರಬಹುದು. ಇಲ್ಲಿಯ ಪತ್ರಿಕೆಗಳ ಎದೆ ನಡುಗಿಸಿದ್ದು ಇದೇ. 1931ರಲ್ಲಿ ಐರ್ಲೆಂಡಿನ ರಾಜಕೀಯ ನಾಯಕ ಡಿ ವಲೇರಾ ಹುಟ್ಟುಹಾಕಿದ ಐರಿಶ್ ಪ್ರೆಸ್ 1995ರ ಮೇ ತಿಂಗಳಲ್ಲಿ ಮುಚ್ಚಿತು, ಸುಮಾರು ಆರುನೂರು ಜನರ ಕೆಲಸ ಹೋಯಿತು. ಅದು ಮುಚ್ಚಿದ್ದಕ್ಕೆ ಒಳಗಿನ ಜಗಳ, ಸಾಲ, ತಪ್ಪು ನಿರ್ಧಾರಗಳು ದೊಡ್ಡ ಕಾರಣ, ಎಲ್ಲವನ್ನೂ ಲಂಡನ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಸರ್ಕಾರಕ್ಕೆ ಗಾಬರಿಯಾಗಿ, ನಿವೃತ್ತ ಮುಖ್ಯ ನ್ಯಾಯಮೂರ್ತಿ ಥಾಮಸ್ ಫಿನ್ಲೇ ಅವರ ಅಧ್ಯಕ್ಷತೆಯಲ್ಲಿ ಪತ್ರಿಕೋದ್ಯಮದ ಆಯೋಗವನ್ನೇ ನೇಮಿಸಿತು. ಬ್ರಿಟಿಷ್ ಪತ್ರಿಕೆಗಳ ಪೈಪೋಟಿ ಅದರ ಮುಂದಿದ್ದ ಮುಖ್ಯ ಪ್ರಶ್ನೆಗಳಲ್ಲೊಂದು.

ಇನ್ನೊಂದು ಕಾರಣ ಕೋರ್ಟು. ಇಲ್ಲಿಯ ಮಾನಹಾನಿ ಕಾನೂನು ಬೇರೆ, ನ್ಯಾಯಾಲಯ ಬೇರೆ. ಲಂಡನ್ನಿನ ವಕೀಲ ಒಪ್ಪಿದ ಪುಟ ಇಲ್ಲಿ ದುಬಾರಿ ಆಗಬಹುದು. ಹಾಗಾಗಿ ಇಲ್ಲಿಯ ಕಾನೂನು ಬಲ್ಲ ಕಣ್ಣು ಒಂದು ಬೇಕೇ ಬೇಕು.

ಈಗ ಆ ‘ನಾವು’ ಬೀದಿಗೆ ಬಂದ ದಿನದ ಕಥೆ. 2012ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಒಂದು ನಿಯತಕಾಲಿಕ, ರಜೆಯಲ್ಲಿದ್ದ ಕೇಂಬ್ರಿಜ್ ಡಚೆಸ್ ಕೇಟ್ (ಬ್ರಿಟನ್ನಿನ ರಾಜಕುಮಾರ ವಿಲಿಯಂ ಅವರ ಪತ್ನಿ) ಅವರ ಮೇಲುಡುಪಿಲ್ಲದ ಚಿತ್ರಗಳನ್ನು ಹಾಕಿತು. ದೂರದಿಂದ ಕದ್ದು ತೆಗೆದ ಚಿತ್ರಗಳು. ಬ್ರಿಟನ್ನಿನ ಒಂದು ಪತ್ರಿಕೆಯೂ ಮುಟ್ಟಲಿಲ್ಲ, ಲಂಡನ್ನಿನ ಡೈಲಿ ಸ್ಟಾರ್ ಕೂಡ. ಮರುದಿನ ಶನಿವಾರ ಐರಿಶ್ ಡೈಲಿ ಸ್ಟಾರ್ ಅವನ್ನು ಅಚ್ಚು ಹಾಕಿತು. ಸಂಪಾದಕ ಮೈಕಲ್ ಓ'ಕೇನ್ ಕೊಟ್ಟ ಸಮರ್ಥನೆ ಇದು: ಆಕೆ ಐರ್ಲೆಂಡಿನ ಮುಂದಿನ ರಾಣಿಯಲ್ಲ, ನಮ್ಮ ಓದುಗರಿಗೆ ಆಕೆ ಬೇರೆ ಯಾವುದೇ ಪ್ರಸಿದ್ಧ ವ್ಯಕ್ತಿಯಂತೆ ಒಬ್ಬರು, ಸಿಟ್ಟು ಇರುವುದು ಬ್ರಿಟನ್ನಿನಲ್ಲಿ ಮಾತ್ರ. ಎಕ್ಸ್‌ಪ್ರೆಸ್ ಗುಂಪಿನ ಒಡೆಯ ರಿಚರ್ಡ್ ಡೆಸ್ಮಂಡ್ ಈ ಜಂಟಿ ವ್ಯವಹಾರವನ್ನೇ ಮುಚ್ಚುತ್ತೇನೆ ಅಂತ ಘೋಷಿಸಿದರು. ಅರ್ಧ ಪಾಲಿನ ಡಬ್ಲಿನ್ ಗುಂಪು ವಿಷಾದ ಹೇಳಿತು. ಓ'ಕೇನ್ ಅವರನ್ನು ಅಮಾನತು ಮಾಡಿದರು, ನವೆಂಬರಿನಲ್ಲಿ ಅವರು ರಾಜೀನಾಮೆ ಕೊಟ್ಟರು. ಪತ್ರಿಕೆ ಉಳಿಯಿತು.

ಆ ಚಿತ್ರ ಹಾಕಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಒಬ್ಬ ಹೆಣ್ಣುಮಗಳ ಮರ್ಯಾದೆ ಆಕೆ ಯಾವ ದೇಶದ ರಾಣಿ ಅನ್ನುವುದರ ಮೇಲೆ ನಿಂತಿರುವುದಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಆ ವಾರಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಶುಕ್ರವಾರ ರಾತ್ರಿ ಪುಟದ ಮೇಲೆ ಏನು ಬರಬೇಕು ಅಂತ ಹೇಳಿದ್ದು ಡಬ್ಲಿನ್. ಅದು ಬರೀ ಅಂಟಿಸಿದ ಹೆಸರಾಗಿದ್ದರೆ ಅಂಥ ತೀರ್ಮಾನ ಇಲ್ಲಿ ಆಗುವ ಹಾಗೆಯೇ ಇರಲಿಲ್ಲ. ಮುಂದಿನ ವಾರ ಸಂಪಾದಕನ ಕುರ್ಚಿಯಲ್ಲಿ ಯಾರು ಕೂರಬೇಕು ಅಂತ ಹೇಳುವ ದನಿಗಳಲ್ಲಿ ಲಂಡನ್ನಿನದು ಬಲವಾಗಿತ್ತು.

ರಾಜಕೀಯದಲ್ಲೂ ಹೀಗೆಯೇ. ಇದನ್ನು ತುಂಬ ಸ್ಪಷ್ಟವಾಗಿ ನೋಡಬೇಕೆಂದರೆ ಸ್ಕಾಟ್ಲೆಂಡ್ ನೋಡಿ: 2015ರ ಚುನಾವಣೆಯಲ್ಲಿ ಲಂಡನ್ನಿನ ಸನ್ ಕನ್ಸರ್ವೇಟಿವ್ ಪಕ್ಷಕ್ಕೆ ಬೆಂಬಲ ಸಾರಿದ ದಿನವೇ ಸ್ಕಾಟಿಷ್ ಸನ್ ಅಲ್ಲಿನ ರಾಷ್ಟ್ರವಾದಿ ಪಕ್ಷ ಎಸ್‌ಎನ್‌ಪಿಗೆ ಬೆಂಬಲ ಸಾರಿತು. ಒಡೆತನ ಒಂದೇ, ಹೆಸರು ಒಂದೇ, ಅಭಿಪ್ರಾಯ ಎರಡು. ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಜಗಳ ಜೋರಾಗಿದ್ದ 2017ರ ನವೆಂಬರಿನಲ್ಲಿ ಲಂಡನ್ನಿನ ಸನ್ ಸಂಪಾದಕೀಯ ಬರೆದು, ಆಗ ಟೀಶಕ್ ಆಗಿದ್ದ ಲಿಯೊ ವರಾಡ್ಕರ್ ಅವರಿಗೆ ಬಾಯಿ ಮುಚ್ಚಿಕೊಂಡು ಬುದ್ಧಿ ಬೆಳೆಸಿಕೊಳ್ಳಿ ಅನ್ನುವ ಧಾಟಿಯಲ್ಲಿ ಗದರಿತು. (ಅವರ ತಂದೆ ನಮ್ಮ ಪಕ್ಕದ ಮಹಾರಾಷ್ಟ್ರದವರು, ನಿಮಗೆ ಗೊತ್ತಿರಬಹುದು.) ತಲೆಬರಹದ ಪಕ್ಕ ‘ಐರಿಶ್’ ಅಂತ ಬರೆದುಕೊಂಡು ಆ ಸಾಲನ್ನು ಡಬ್ಲಿನ್ ಅಂಗಡಿಯಲ್ಲಿ ಮಾರುವುದನ್ನು ಒಮ್ಮೆ ಊಹಿಸಿಕೊಳ್ಳಿ. ಉತ್ತರ ಐರ್ಲೆಂಡಿನ ಗಡಿಯಲ್ಲಿ ಮತ್ತೆ ಚೆಕ್‌ಪೋಸ್ಟ್ ಏಳುತ್ತದೇನೋ ಅಂತ ಜನ ನಿದ್ದೆಗೆಟ್ಟಿದ್ದ ದಿನಗಳವು. ಅಂಥ ದಿನ ಇಲ್ಲಿಯ ಡೆಸ್ಕಿನಲ್ಲಿ ಕೂತವರ ಕೆಲಸ ಪೌಂಡ್ ತಿದ್ದುವುದಕ್ಕೆ ಮುಗಿಯುವುದಿಲ್ಲ.

ಹಾಗಂತ ಈ ಪತ್ರಿಕೆಗಳನ್ನು ಪೂರ್ತಿ ಇಲ್ಲಿಯವು ಅಂತ ನಾನು ಹೇಳಲಾರೆ. 2011ರಲ್ಲಿ ನಡೆದ ಎರಡು ಘಟನೆ ನನ್ನನ್ನು ತಡೆಯುತ್ತವೆ. ಫೆಬ್ರವರಿಯಲ್ಲಿ ಸಂಡೇ ಟ್ರಿಬ್ಯೂನ್ ಅನ್ನುವ ಇಲ್ಲಿಯ ಗೌರವದ ಪತ್ರಿಕೆ ದಿವಾಳಿಯ ಅಂಚಿಗೆ ಬಂದು ಆ ವಾರ ಅಚ್ಚಾಗಲಿಲ್ಲ. ಆ ಭಾನುವಾರ ಐರಿಶ್ ಮೇಲ್ ಆನ್ ಸಂಡೇ ತನ್ನ ಸಾವಿರಾರು ಪ್ರತಿಗಳಿಗೆ ಟ್ರಿಬ್ಯೂನ್‌ನದೇ ತಲೆಬರಹದಂತೆ ಕಾಣುವ ಹೊದಿಕೆ ಸುತ್ತಿ ಅಂಗಡಿಗೆ ಬಿಟ್ಟಿತು. ಟ್ರಿಬ್ಯೂನ್ ಬಂತಲ್ಲ ಅಂತ ಸಂತೋಷಪಟ್ಟು ಕೊಂಡವರು ಬಿಚ್ಚಿ ನೋಡಿದರೆ ಒಳಗೆ ಮೇಲ್. ಗ್ರಾಹಕ ರಕ್ಷಣಾ ಸಂಸ್ಥೆ ವಿಷಯವನ್ನು ಕೋರ್ಟಿಗೆ ಒಯ್ದಿತು. ಕೆಲಸ ಕಳೆದುಕೊಳ್ಳುತ್ತಿರುವ ಸಹೋದ್ಯೋಗಿಗಳ ಪತ್ರಿಕೆಯ ಹೆಸರನ್ನು, ಅವರು ಇನ್ನೂ ಕಚೇರಿಯಲ್ಲಿ ಕೂತಿರುವಾಗಲೇ, ಹೀಗೆ ಹೊದ್ದುಕೊಳ್ಳುವುದು ನನಗೆ ಇವತ್ತಿಗೂ ಸಹಿಸಲಾಗದ ಮಾತು. ಪುಟ ಕಟ್ಟಿದವರಿಗೆ ತಲೆಬರಹ ಅಂದರೆ ಏನು ಅಂತ ಗೊತ್ತಿರುತ್ತದೆ.

ಎರಡನೆಯದು ಜುಲೈನಲ್ಲಿ. ಲಂಡನ್ನಿನಲ್ಲಿ ಫೋನ್ ಹ್ಯಾಕಿಂಗ್ (ಪತ್ರಿಕೆಯವರು ಬೇರೆಯವರ ಫೋನ್ ಸಂದೇಶ ಕದ್ದು ಕೇಳಿದ) ಹಗರಣ ಸಿಡಿದು ನ್ಯೂಸ್ ಆಫ್ ದ ವರ್ಲ್ಡ್ ಜುಲೈ 10ರ ಸಂಚಿಕೆಯೊಂದಿಗೆ ನಿಂತಿತು. ಅದರ ಐರಿಶ್ ಆವೃತ್ತಿಗೆ ದುಡಿಯುತ್ತಿದ್ದ ಡಬ್ಲಿನ್ನಿನ ಪತ್ರಕರ್ತರೂ ಅದರ ಜೊತೆಯಲ್ಲೇ ಕೆಲಸ ಕಳೆದುಕೊಂಡರು. ಇಲ್ಲಿಯ ಓದುಗ ಬಿಟ್ಟುಹೋದ ಅಂತಲ್ಲ, ನಷ್ಟವಾಯಿತು ಅಂತಲೂ ಅಲ್ಲ. ಬೇರೆ ದೇಶದ ಒಂದು ಕಟ್ಟಡದಲ್ಲಿ ತಲೆಬರಹಕ್ಕೆ ಅಂಟಿದ ಕಳಂಕ ಇಲ್ಲಿಯವರ ಅನ್ನ ಕಸಿಯಿತು.

ಇಷ್ಟೆಲ್ಲ ಹೇಳಿದರೂ ಒಂದು ವಿಷಯ ಒಪ್ಪಿಕೊಳ್ಳಬೇಕು. ಐರಿಶ್ ಪ್ರೆಸ್ ಮುಚ್ಚಿದ ಮೇಲೆ ಈ ಊರಿನಲ್ಲಿ ಯುವ ವರದಿಗಾರರಿಗೆ ಸಂಬಳ ಕೊಟ್ಟು, ಬೆಳಿಗ್ಗೆ ಕೋರ್ಟಿಗೆ, ಸಂಜೆ ಗೇಲಿಕ್ ಮೈದಾನಕ್ಕೆ ಕಳಿಸಿದವರಲ್ಲಿ ಇವರೂ ಇದ್ದಾರೆ. ಕೋರ್ಟಿನಲ್ಲಿ ದಿನವಿಡೀ ಕೂತು ಬರೆಯುವ ವರದಿಗಾರ ಯಾವ ತಲೆಬರಹದ ಕೆಳಗೆ ಬರೆದರೂ ಊರಿಗೆ ಬೇಕಾದವನು. ಆ ಕುರ್ಚಿಗಳು ಈಗ ಕಡಿಮೆಯಾಗುತ್ತಿವೆ, ಕಾಗದದ ಮಾರಾಟ ಕುಸಿದು ಎಲ್ಲರೂ ವೆಬ್‌ಸೈಟಿನ ಕ್ಲಿಕ್ಕಿನ ಹಿಂದೆ ಬಿದ್ದಿದ್ದಾರೆ. ಮಿರರ್‌ನ ಒಡೆಯರಾದ ರೀಚ್ ಕಂಪನಿ 2018ರಲ್ಲಿ ಲಂಡನ್ನಿನ ಸ್ಟಾರ್ ಮತ್ತು ಎಕ್ಸ್‌ಪ್ರೆಸ್ ಕೊಂಡಿತು, 2020ರಲ್ಲಿ ಐರಿಶ್ ಸ್ಟಾರ್‌ನ ಉಳಿದರ್ಧವನ್ನೂ ತೆಗೆದುಕೊಂಡಿತು. ನೀವು ಸ್ಟ್ಯಾಂಡಿನಲ್ಲಿ ನೋಡಿದ ನಾಲ್ಕರಲ್ಲಿ ಎರಡು ಈಗ ಒಂದೇ ಮನೆಯವು.

ನಾಳೆ ಕೊಳ್ಳುವುದಾದರೆ ಮುಖಪುಟ ಬಿಟ್ಟು ಮೊದಲು ಸಂಪಾದಕೀಯದ ಕಾಲಂ ತೆಗೆಯಿರಿ. ಅದರಲ್ಲಿ ‘ನಮ್ಮ ಆಸ್ಪತ್ರೆಗಳು’ ಅಂದರೆ ಯಾವ ದೇಶದವು ಅಂತ ನೋಡಿ. ಆಮೇಲೆ ಇಂಗ್ಲೆಂಡ್ ತಂಡ ಆಡಿದ ಮರುದಿನದ ಕ್ರೀಡಾಪುಟ ನೋಡಿ. ಅದರಲ್ಲಿರುವ ದುಃಖ ಯಾರದು ಅನ್ನುವುದು ಎರಡು ಸಾಲಿಗೆ ಗೊತ್ತಾಗುತ್ತದೆ. ನಿಮ್ಮ ಬಗ್ಗೆಯೇ ಏನಾದರೂ ತಪ್ಪು ಬರೆದಿದ್ದಾರೆ ಅನ್ನಿಸಿದರೆ ಲಂಡನ್‌ಗೆ ಬರೆಯಬೇಕಾಗಿಲ್ಲ. 2008ರಿಂದ ಇಲ್ಲಿಯೇ ಪ್ರೆಸ್ ಒಂಬುಡ್ಸ್‌ಮನ್ (ಪತ್ರಿಕೆಗಳ ಮೇಲಿನ ದೂರು ವಿಚಾರಿಸುವವರು) ಕಚೇರಿ ಇದೆ, ಈ ಐರಿಶ್ ಆವೃತ್ತಿಗಳು ಅದಕ್ಕೆ ಉತ್ತರ ಕೊಡಬೇಕು. ಪ್ರಕಟವಾದ ಮೂರು ತಿಂಗಳೊಳಗೆ ದೂರು ಕೊಡಿ, ಶುಲ್ಕ ಇಲ್ಲ.