ತರಗತಿ ಮುಗಿದ ಮೇಲಿನ ಇಂಗ್ಲಿಷ್ ವಿಭಾಗ

ಜಿಲ್ಲಾ ಕೇಂದ್ರವೊಂದರ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿರುವ ಓದುಗರೊಬ್ಬರ ಪತ್ರ: "ನಮ್ಮ ವಿಭಾಗದ ಸಾಹಿತ್ಯ ಸಂಘಕ್ಕೆ ವರ್ಷದಲ್ಲಿ ಎರಡೇ ಕಾರ್ಯಕ್ರಮ, ಉದ್ಘಾಟನೆ ಮತ್ತು ಸಮಾರೋಪ. ಕನ್ನಡ ಮಾಧ್ಯಮದಿಂದ ಬಂದ ನಾವು ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿ ಎದ್ದು ಬರುತ್ತೇವೆ. ವಾರಕ್ಕೊಮ್ಮೆ ಕವಿತೆ ಓದುವ ಕೂಟ ನಡೆಸೋಣ ಎಂದರೆ, ಪರೀಕ್ಷೆಗೆ ಅದರಿಂದೇನು ಲಾಭ ಎಂದು ಗೆಳತಿಯರು ಕೇಳುತ್ತಾರೆ. ಅಲ್ಲಿ ಕನ್ನಡ ಕವಿತೆಯನ್ನೂ ಓದಿದರೆ ತಪ್ಪೇ?"

ಸಂಪಾದಕರ ಉತ್ತರ:

ತಪ್ಪಲ್ಲ. ಕೂಟವನ್ನು ಕನ್ನಡ ಕವಿತೆಯಿಂದಲೇ ಆರಂಭಿಸಿ.

ನಮ್ಮ ನಾಡಿನ ಇಂಗ್ಲಿಷ್ ವಿಭಾಗಗಳು ಕನ್ನಡಕ್ಕೆ ಬೆನ್ನು ತಿರುಗಿಸಿ ಬೆಳೆದವಲ್ಲ. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ 'ಇಂಗ್ಲಿಷ್ ಗೀತಗಳು' ಸಂಕಲನದಿಂದ ಹೊಸಗನ್ನಡ ಕಾವ್ಯಕ್ಕೆ ಹೊಸ ದಾರಿ ತೋರಿದ ಬಿ.ಎಂ.ಶ್ರೀ ಇಂಗ್ಲಿಷ್ ಅಧ್ಯಾಪಕರು. ಗೋಪಾಲಕೃಷ್ಣ ಅಡಿಗ, ಶಾಂತಿನಾಥ ದೇಸಾಯಿ, ಲಂಕೇಶ್ ಇಂಗ್ಲಿಷ್ ಪಾಠ ಹೇಳಿದವರು. ಮೈಸೂರಿನಲ್ಲಿ ಸಿ.ಡಿ. ನರಸಿಂಹಯ್ಯನವರು 1952ರಲ್ಲಿ 'ದಿ ಲಿಟರರಿ ಕ್ರೈಟೀರಿಯನ್' ಪತ್ರಿಕೆ ಆರಂಭಿಸಿದರು; 1979ರಲ್ಲಿ ಧ್ವನ್ಯಾಲೋಕ ಎಂಬ ಸಾಹಿತ್ಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ಕೇಂಬ್ರಿಜ್‌ನಲ್ಲಿ ವಿಮರ್ಶಕ ಎಫ್.ಆರ್. ಲೀವಿಸ್ ಅವರ ಪಾಠ ಕೇಳಿ ಬಂದವರು ತಮ್ಮ ಸಂಸ್ಥೆಗೆ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನ ಗ್ರಂಥದ ಹೆಸರನ್ನಿಟ್ಟರು ಎಂಬುದನ್ನು ನಿಮ್ಮ ಗೆಳತಿಯರಿಗೆ ಅಗತ್ಯವಾಗಿ ಹೇಳಿ.

ತರಗತಿಯ ಹೊರಗಿನ ಮಾತು ಏನು ಮಾಡಬಲ್ಲದು ಎಂಬುದಕ್ಕೆ ಕಾದಂಬರಿಕಾರ ಯು.ಆರ್. ಅನಂತಮೂರ್ತಿಯವರದೇ ಉದಾಹರಣೆ ಇದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಗ ತಮ್ಮ ಅಧ್ಯಾಪಕ ಮಾಲ್ಕಮ್ ಬ್ರಾಡ್‌ಬರಿ ಅವರೊಂದಿಗೆ ಬರ್ಗ್‌ಮನ್ ಅವರ 'ದಿ ಸೆವೆಂತ್ ಸೀಲ್' ಸಿನಿಮಾ ನೋಡಿದರು. ಆಮೇಲೆ ನಡೆದ ಮಾತುಕತೆ ಅವರನ್ನು 'ಸಂಸ್ಕಾರ' ಬರೆಯಲು ಹಚ್ಚಿತು. 1965ರಲ್ಲಿ ಬಂದ ಆ ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷಿಗೆ ತಂದ ಎ.ಕೆ. ರಾಮಾನುಜನ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಓದಿದವರು. ಸಂಶೋಧನೆಗೆಂದು ಹೋದವರು ಸಿನಿಮಾ ನೋಡಿ ಮಾತಿಗೆ ಕುಳಿತ ಆ ಹೊತ್ತನ್ನು ವ್ಯರ್ಥವೆಂದು ಯಾರು ಹೇಳಿಯಾರು?

ಪರೀಕ್ಷೆಗೆ ಏನು ಲಾಭ ಎಂಬ ಪ್ರಶ್ನೆಗೂ ಉತ್ತರವಿದೆ. ಕೇಂಬ್ರಿಜ್‌ನಲ್ಲಿ ವಿಮರ್ಶಕ ಐ.ಎ. ರಿಚರ್ಡ್ಸ್ ಕವಿಯ ಹೆಸರಿಲ್ಲದ ಕವಿತೆಗಳನ್ನು ವಿದ್ಯಾರ್ಥಿಗಳ ಕೈಗಿತ್ತು, ತೋಚಿದ್ದನ್ನು ಬರೆದುಕೊಡಿ ಎನ್ನುತ್ತಿದ್ದರು. 1929ರ 'ಪ್ರಾಕ್ಟಿಕಲ್ ಕ್ರಿಟಿಸಿಸಮ್' ಹುಟ್ಟಿದ್ದು ಆ ಬರಹಗಳಿಂದ. ನೀವೂ ಹಾಗೆಯೇ ಮಾಡಿ. ಹೆಸರು ಕಾಣದಾಗ ಗೈಡು ನೋಡಿ ಮಾತನಾಡುವ ದಾರಿ ಮುಚ್ಚುತ್ತದೆ, ಸಾಲುಗಳನ್ನೇ ನೋಡಬೇಕಾಗುತ್ತದೆ. ಆಗ ಕಾನ್ವೆಂಟಿನಿಂದ ಬಂದವರೂ ಹಳ್ಳಿಯ ಶಾಲೆಯಿಂದ ಬಂದವರೂ ಒಂದೇ ಹಾಳೆಯ ಮುಂದೆ ಸಮನಾಗಿ ಕೂರುತ್ತಾರೆ. ಒಂದು ವಾರ ಇಂಗ್ಲಿಷ್ ಕವಿತೆ, ಮರುವಾರ ಕನ್ನಡದ್ದು. ಮೂಲವನ್ನೂ ಬಿ.ಎಂ.ಶ್ರೀ ಅನುವಾದವನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದು ಸಂಜೆ ಕಳೆಯಿರಿ. ಛಂದಸ್ಸಿನ ಬಗ್ಗೆ ಕಲಿಯಬೇಕಾದದ್ದು ಅಲ್ಲಿ ಬೇಕಾದಷ್ಟಿದೆ.

ಕವಿತೆಯನ್ನು ಇಬ್ಬರು ಬೇರೆಬೇರೆಯಾಗಿ ಗಟ್ಟಿಯಾಗಿ ಓದಲಿ. ಚರ್ಚೆ ಯಾವ ಭಾಷೆಯಲ್ಲಾದರೂ ನಡೆಯಲಿ, ಆದರೆ ಉಚ್ಚಾರಣೆ ತಿದ್ದುವುದು ಬೇಡವೆಂದು ಮೊದಲೇ ಒಪ್ಪಿಕೊಳ್ಳಿ. ಹಿಂದಿನ ಸಾಲಿನವರ ಬಾಯಿ ಕಟ್ಟಿರುವುದು ಸಾಹಿತ್ಯ ತಿಳಿಯದೆ ಅಲ್ಲ, ನಕ್ಕಾರೆಂಬ ಅಂಜಿಕೆಯಿಂದ. ನನಗೆ ಅತ್ಯಂತ ನೋವು ಕೊಡುವ ಸಂಗತಿ ಇದು. ಇನ್ನು ಹೊತ್ತು ಗೊತ್ತುಮಾಡುವಾಗ ಊರಿನ ಕೊನೆಯ ಬಸ್ಸನ್ನು ಮರೆಯಬೇಡಿ. ಸಂಜೆ ಆರರ ಕೂಟಕ್ಕೆ ಹಾಸ್ಟೆಲಿನವರಷ್ಟೇ ಉಳಿಯುತ್ತಾರೆ.

ಅಧ್ಯಾಪಕರನ್ನು ಕರೆಯಿರಿ, ಭಾಷಣಕ್ಕಲ್ಲ, ಕೇಳುಗರಾಗಿ. ಕನ್ನಡ ವಿಭಾಗದವರನ್ನೂ ಕರೆಯಿರಿ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕೊಡುವ ವರದಿಗೆ ಬ್ಯಾನರು, ಫೋಟೊ, ಹಾಜರಿ ಪಟ್ಟಿ ಬೇಕಾಗುತ್ತವೆ. ವಿಭಾಗದ ಮುಖ್ಯಸ್ಥರ ಮೇಲಿನ ಆ ಒತ್ತಡ ನಿಜವಾದದ್ದೇ, ಅವರನ್ನು ದೂರಬೇಡಿ. ಉದ್ಘಾಟನೆ ಸಮಾರೋಪಗಳು ಅವುಗಳ ಪಾಡಿಗೆ ನಡೆಯಲಿ. ನಿಮ್ಮ ಕೂಟಕ್ಕೆ ಬೇಕಾದದ್ದು ಖಾಲಿ ಕೊಠಡಿ ಮತ್ತು ಕೆಲವು ನಕಲು ಪ್ರತಿಗಳು.

ಆರು ಜನ ಬಂದರೂ ನಿಲ್ಲಿಸಬೇಡಿ. ಕೂಟದಲ್ಲಿ ಒಟ್ಟಾಗಿ ಕುಳಿತು ಮಾಡಿದ ಅನುವಾದವಿದ್ದರೆ ಮೂಲದೊಂದಿಗೆ ನಮಗೆ ಕಳುಹಿಸಿ. ಚೆನ್ನಾಗಿದ್ದರೆ, ಕೈಜೋಡಿಸಿದ ಎಲ್ಲರ ಹೆಸರಿನೊಂದಿಗೆ ಪ್ರಕಟಿಸುತ್ತೇವೆ.