ಹಳೆ ಕಂಪ್ಯೂಟರ್ ರೋಲ್‌ಪ್ಲೇಯಿಂಗ್ ಗೇಮ್‌ಗಳನ್ನು ಕನ್ಸೋಲ್‌ನಲ್ಲಿ ಆಡಿದರೆ ಮೂಲದ ರುಚಿ ಸಿಗುತ್ತಾ?

ನೀವು ಕೇಳಿದ್ದು ಇಷ್ಟು: ಮನೆಯಲ್ಲಿ ನಿಂಟೆಂಡೊ ಸ್ವಿಚ್ (ಆಟಕ್ಕೆಂದೇ ಮಾಡಿದ, ಕೈಯಲ್ಲೂ ಹಿಡಿಯಬಹುದಾದ ಕನ್ಸೋಲ್) ಇದೆ, ಒಂದು ಹಳೆ ಲ್ಯಾಪ್‌ಟಾಪೂ ಇದೆ. ಬಾಲ್ಡರ್ಸ್ ಗೇಟ್, ಪ್ಲೇನ್‌ಸ್ಕೇಪ್ ಟಾರ್ಮೆಂಟ್, ಐಸ್‌ವಿಂಡ್ ಡೇಲ್ ಅನ್ನುವ ಹಳೆ ರೋಲ್‌ಪ್ಲೇಯಿಂಗ್ ಗೇಮ್‌ಗಳನ್ನು, ಅಂದರೆ ನಾವೇ ಪಾತ್ರವಾಗಿ ಕಥೆಯಲ್ಲಿ ಸಾಗುವ ಆಟಗಳನ್ನು, ಮೊದಲ ಸಲ ಆಡಬೇಕು. ಯಾವುದರಲ್ಲಿ ಆಡಲಿ, ಕನ್ಸೋಲ್‌ನಲ್ಲಿ ಏನಾದರೂ ಕಳೆದುಕೊಳ್ಳುತ್ತೇನಾ?

ನಾನು ಈ ಮೂರನ್ನೂ ಎರಡೂ ಕಡೆ ಆಡಿದ್ದೇನೆ. ಟಾರ್ಮೆಂಟ್ ಸ್ವಿಚ್‌ನಲ್ಲಿ ಆಡಿ. ಐಸ್‌ವಿಂಡ್ ಡೇಲ್ ಲ್ಯಾಪ್‌ಟಾಪ್‌ನಲ್ಲೇ ಆಡಿ. ಬಾಲ್ಡರ್ಸ್ ಗೇಟ್ ಯಾವುದರಲ್ಲಿ ಆಡಿದರೂ ನಡೆಯುತ್ತದೆ. ಯಾಕೆ ಅನ್ನೋದು ಸ್ವಲ್ಪ ಉದ್ದದ ಮಾತು.

ನಮ್ಮದು ಮಡಿಕೇರಿ ಹತ್ತಿರದ ಊರು. ಬಾಲ್ಡರ್ಸ್ ಗೇಟ್ ಬಂದಿದ್ದು 1998ರಲ್ಲಿ. ನಮ್ಮ ಮನೆಗೆ ಅದು ಕೆಲವು ವರ್ಷ ಕಳೆದ ಮೇಲೆ ಬಂತು, ಚಿಕ್ಕಪ್ಪ ಮೈಸೂರಿನಿಂದ ತಂದುಕೊಟ್ಟಿದ್ದರು. ಒಟ್ಟು ಐದು ಸಿಡಿ. ಹೊಸ ಜಾಗಕ್ಕೆ ಕಾಲಿಟ್ಟಾಗ ಆಟ ನಿಂತು, ಇಂಥ ನಂಬರಿನ ಸಿಡಿ ಹಾಕು ಅಂತ ಕೇಳುತ್ತಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಆ ಸಿಡಿಗಳಲ್ಲಿ ಒಂದಕ್ಕೂ ಹಿಡಿಯಿತು. ಆಟದೊಳಗಿನ ನಮ್ಮ ಆರು ಜನರ ತಂಡ ಅಷ್ಟು ದೂರ ನಡೆದು ಬಂದು, ಊರೊಳಗೆ ಹೋಗಲಾಗದೆ ಅಲ್ಲೇ ನಿಂತುಬಿಟ್ಟಿತು. ಅಕ್ಕ ಅತ್ತಿದ್ದು ನನಗೆ ಈಗಲೂ ನೆನಪಿದೆ. ಅವಳು ಮಾತುಗಳನ್ನು ಗಟ್ಟಿಯಾಗಿ ಓದುವವಳು, ನಾನು ಮೌಸ್ ಹಿಡಿಯುವವನು. ಹಾಗೇ ನಾವಿಬ್ಬರೂ ಒಂದೇ ಕುರ್ಚಿಯಲ್ಲಿ ಆ ಆಟ ಆಡಿದ್ದು.

ಆ ಮೌಸ್‌ನಲ್ಲೇ ಇರೋದು ನಿಮ್ಮ ಪ್ರಶ್ನೆಯ ತಿರುಳು. ಚಿತ್ರ, ಸದ್ದು, ಮಾತು ಇವೆಲ್ಲ ಇವತ್ತಿನ ಕನ್ಸೋಲ್ ಆವೃತ್ತಿಗಳಲ್ಲಿ ಹಾಗೇ ಇವೆ. ಬದಲಾಗಿರೋದು ಕೈ. ಮೂಲ ಆಟದಲ್ಲಿ ನೀವು ಮೇಲಿನಿಂದ ನೋಡುತ್ತೀರಿ. ಮೌಸ್ ಎಳೆದು ಮೂವರ ಸುತ್ತ ಚೌಕ ಹಾಕಿ ಬಾಗಿಲ ಬಳಿ ನಿಲ್ಲಿಸುತ್ತೀರಿ, ಬಿಲ್ಲಿನವನನ್ನು ಹಿಂದಕ್ಕೆ ಕಳಿಸುತ್ತೀರಿ. ಸ್ಪೇಸ್ ಬಾರ್ ಒತ್ತಿದರೆ ಇಡೀ ಜಗತ್ತು ನಿಲ್ಲುತ್ತದೆ. ಆರು ಜನರಿಗೂ ಒಬ್ಬೊಬ್ಬರಿಗೆ ಕೆಲಸ ಹೇಳಿ ಮತ್ತೆ ಒತ್ತಿದರೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಕನ್ಸೋಲ್‌ನಲ್ಲಿ ಕಂಟ್ರೋಲರ್‌ನ ಕಡ್ಡಿ ತಿರುಗಿಸಿದ ಕಡೆಗೆ ನಿಮ್ಮ ಮನುಷ್ಯ ನಡೆಯುತ್ತಾನೆ. ಮಂತ್ರ, ಆಯುಧ ಎಲ್ಲ ಚಕ್ರದ ಹಾಗೆ ಸುತ್ತ ತೆರೆಯುವ ಮೆನುಗಳಲ್ಲಿ ಇರುತ್ತವೆ. ಊರು ಸುತ್ತುವಾಗ ಇದು ನಿಜಕ್ಕೂ ಚೆನ್ನಾಗಿದೆ. ಪೇಟೆಯಲ್ಲಿ ನಾವೇ ನಡೆದ ಹಾಗಿರುತ್ತದೆ. ಆದರೆ ಹತ್ತು ಶತ್ರುಗಳು ಒಮ್ಮೆಗೇ ಮೇಲೆ ಬಿದ್ದಾಗ, ಆರು ಜನರಿಗೂ ಆ ಚಕ್ರ ತೆರೆದು ಮುಚ್ಚಿ ಕೈ ಸೋಲುತ್ತದೆ.

ಐಸ್‌ವಿಂಡ್ ಡೇಲ್ ಬಹುಪಾಲು ಬರೀ ಕಾದಾಟ. ಆರು ಜನರನ್ನೂ ನೀವೇ ಹುಟ್ಟಿಸಿ, ಒಂದಾದ ಮೇಲೆ ಒಂದು ಗವಿಗೆ ಇಳಿಸಬೇಕು. ಅದಕ್ಕೇ ಅದನ್ನು ಲ್ಯಾಪ್‌ಟಾಪ್‌ಗೆ ಬಿಡಿ ಅಂದಿದ್ದು. ಟಾರ್ಮೆಂಟ್ ಇದರ ತದ್ವಿರುದ್ಧ. ಶವಾಗಾರದ ಕಲ್ಲಿನ ಮೇಲೆ, ತನ್ನ ಹೆಸರೂ ನೆನಪಿಲ್ಲದೆ ಎದ್ದ ಒಬ್ಬ ಸಾಯದ ಮನುಷ್ಯನ ಕಥೆ ಅದು. ಅದರಲ್ಲಿ ಸುಮಾರು 8 ಲಕ್ಷ ಪದಗಳ ಬರಹ ಇದೆ ಅಂತಾರೆ. ಜಗಳಕ್ಕಿಂತ ಮಾತು ಜಾಸ್ತಿ. ಓದೋದಕ್ಕೆ ಮೌಸ್ ಯಾಕೆ ಬೇಕು? ಕಂಬಳಿ ಹೊದ್ದು, ಸ್ವಿಚ್ ಕೈಯಲ್ಲಿ ಹಿಡಿದು, ಪುಸ್ತಕದ ಹಾಗೆ ಓದಬಹುದು. 1999ರಲ್ಲಿ ಮೇಜಿನ ಮುಂದೆ ಬೆನ್ನು ನೋಯಿಸಿಕೊಂಡು ಓದಬೇಕಾದ ಆಟ ಅದು. ಕೈಯಲ್ಲಿ ಹಿಡಿಯುವ ಕನ್ಸೋಲ್‌ಗೆ ಅದು ಇಷ್ಟು ಚೆನ್ನಾಗಿ ಹೊಂದುತ್ತದೆ ಅಂತ ನಾನು ಎಣಿಸಿರಲಿಲ್ಲ.

ಈ ಮೂರೂ ಬೀಮ್‌ಡಾಗ್ ಸಂಸ್ಥೆ ಸರಿಪಡಿಸಿದ ಎನ್‌ಹ್ಯಾನ್ಸ್ಡ್ ಎಡಿಷನ್‌ಗಳಾಗಿ 2019ರಲ್ಲಿ ಕನ್ಸೋಲ್‌ಗೆ ಬಂದವು. ಬಾಲ್ಡರ್ಸ್ ಗೇಟ್‌ನಲ್ಲಿ ನೀರಾ, ಡಾರ್ನ್, ರಸಾದ್ ಅನ್ನುವವರು ಹೊಸದಾಗಿ ಸೇರಿಸಿದ ಪಾತ್ರಗಳು. ಅವರು ಕಂಪ್ಯೂಟರಿನ ಹೊಸ ಆವೃತ್ತಿಯಲ್ಲೂ ಇದ್ದಾರೆ, ಹಾಗಾಗಿ ಅದು ಕನ್ಸೋಲ್‌ನ ತಪ್ಪೂ ಅಲ್ಲ, ಹೆಚ್ಚುಗಾರಿಕೆಯೂ ಅಲ್ಲ.

ಕನ್ಸೋಲ್ ಅಂದರೆ ಕತ್ತರಿ ಹಾಕಿದ ಆಟ ಅನ್ನುವ ಮಾತನ್ನು ನೀವು ಕೇಳಿರಬಹುದು. ಅದು ಸುಮ್ನೆ ಹುಟ್ಟಿದ್ದಲ್ಲ. ಬೆಂಗಳೂರಿನಲ್ಲಿ ಹಳೆ ಕನ್ಸೋಲ್ ಕೂಡಿಡುವ ಗೆಳೆಯನೊಬ್ಬ ಇದ್ದಾನೆ. ಅವನ ಮನೆಯಲ್ಲಿ ಅಲ್ಟಿಮಾ 7 ಅನ್ನುವ ಕಂಪ್ಯೂಟರ್ ಆಟವನ್ನು ಸೂಪರ್ ನಿಂಟೆಂಡೊ ಅನ್ನುವ ಹಳೆ ಕನ್ಸೋಲ್‌ನಲ್ಲಿ ನೋಡಿದಾಗ ನನಗೆ ಹೊಟ್ಟೆ ಉರಿಯಿತು. 1992ರ ಮೂಲ ಆಟ ಒಂದು ಭೀಕರ ಕೊಲೆಯಿಂದ ಶುರುವಾಗುತ್ತದೆ. ಹಿಟ್ಟು ಕಲಸಿ ಒಲೆಗಿಟ್ಟು ರೊಟ್ಟಿ ಮಾಡಬಹುದಾದ ಜಗತ್ತು ಅದು. ಜೊತೆಗಾರರು ನಡುನಡುವೆ ಹರಟುತ್ತಾರೆ, ಹಸಿವು ಅಂತ ಗೊಣಗುತ್ತಾರೆ. ಕನ್ಸೋಲ್‌ಗೆ ಬರುವಾಗ ಕೊಲೆ ಹೋಗಿ ಅಪಹರಣ ಆಯಿತು. ಜೊತೆಗಾರರೇ ಇಲ್ಲ, ಒಬ್ಬನೇ ಕತ್ತಿ ಬೀಸುತ್ತಾ ತಿರುಗಬೇಕು. ಹೆಸರು ಮಾತ್ರ ಅದೇ.

ಅದೇ ಸರಣಿಯ ಅಲ್ಟಿಮಾ 4ರದ್ದು ಇನ್ನೂ ಸೂಕ್ಷ್ಮ. 1985ರ ಆ ಆಟದಲ್ಲಿ ರಾಕ್ಷಸನನ್ನು ಕೊಲ್ಲುವ ಗುರಿಯೇ ಇಲ್ಲ. ಪ್ರಾಮಾಣಿಕತೆ, ಕರುಣೆ, ವಿನಯ ಹೀಗೆ ಎಂಟು ಗುಣಗಳನ್ನು ಬದುಕಿ ತೋರಿಸಬೇಕು. ಜನರ ಜೊತೆ ಮಾತಾಡಲು ಕೀಬೋರ್ಡಿನಲ್ಲಿ ಪದ ಟೈಪ್ ಮಾಡಬೇಕು. ಒಬ್ಬ ಮಾತಿನ ಮಧ್ಯೆ ಒಂದು ಪದ ಬಿಟ್ಟರೆ, ಅದನ್ನು ಹಿಡಿದು ಕೇಳಿದರೆ ಮಾತ್ರ ಮುಂದಿನ ಗುಟ್ಟು ಸಿಗುತ್ತದೆ. ಕೇಳದಿದ್ದರೆ ಅವನೂ ಹೇಳುವುದಿಲ್ಲ. ನಿಂಟೆಂಡೊದ ಮೊದಲ ಕನ್ಸೋಲ್‌ಗೆ ಬಂದ ಆವೃತ್ತಿಯಲ್ಲಿ ಕೀಬೋರ್ಡ್ ಇಲ್ಲ, ಟೈಪ್ ಮಾಡೋದೂ ಇಲ್ಲ. ಚಿತ್ರ ಮುದ್ದಾಗಿದೆ, ಸಂಗೀತ ಇದೆ. ಆದರೆ ಕಿವಿಗೊಟ್ಟು ಕೇಳುವ ಕೆಲಸ ಹೋಯಿತು. ನನ್ನ ಪ್ರಕಾರ ಆ ಆಟದ ಜೀವವೇ ಅದಾಗಿತ್ತು.

ಕಂಪ್ಯೂಟರಿನಿಂದ ಕನ್ಸೋಲ್‌ಗೆ ತಂದ ಎಲ್ಲ ಆವೃತ್ತಿಗಳೂ (ಪೋರ್ಟ್‌ಗಳು) ಹೀಗಾಗಲಿಲ್ಲ ಅನ್ನೋದನ್ನೂ ಹೇಳಬೇಕು. 1981ರ ವಿಝಾರ್ಡ್ರಿ ಅನ್ನುವ ಆಟದ ನೆಲಮಾಳಿಗೆ ಮೂಲದಲ್ಲಿ ಬರೀ ಗೆರೆಗಳು. ಆಡುವವರು ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆದುಕೊಳ್ಳುತ್ತಿದ್ದರು. 20ಕ್ಕೆ 20 ಮನೆಗಳ 10 ಅಂತಸ್ತು. 1987ರಲ್ಲಿ ಜಪಾನಿನ ಫ್ಯಾಮಿಕಾಮ್ ಕನ್ಸೋಲ್‌ಗೆ ಬಂದಾಗ ಗೋಡೆಗೆ ಇಟ್ಟಿಗೆ ಬಂತು, ಕೆಂಟಾರೊ ಹನೆಡಾ ಅವರ ಸಂಗೀತ ಬಂತು. ಆಟದ ಕಟ್ಟುನಿಟ್ಟು ಮಾತ್ರ ಸಡಿಲ ಆಗಲಿಲ್ಲ. ಮತ್ತೆ ಡಯಾಬ್ಲೋ ಅನ್ನುವ ಆಟ 1998ರಲ್ಲಿ ಪ್ಲೇಸ್ಟೇಷನ್ ಕನ್ಸೋಲ್‌ಗೆ ಬಂದಾಗ ಇಬ್ಬರು ಒಂದೇ ಟಿವಿ ಮುಂದೆ ಕೂತು ಒಟ್ಟಿಗೆ ಆಡುವ ಹಾಗಾಯಿತು. ಕಂಪ್ಯೂಟರಿನಲ್ಲಿ ಇಬ್ಬರು ಆಡಬೇಕಾದರೆ ಎರಡು ಮಷೀನ್ ಬೇಕಿತ್ತು. ಅಕ್ಕನಿಗೂ ನನಗೂ ಆಗ ಅದು ಸಿಕ್ಕಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ನಮ್ಮಂಥ ಜಾಗದಲ್ಲಿ ಇರುವವರಿಗೆ ಇನ್ನೊಂದು ವಿಷಯ ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕರೆಂಟು ಇರುವುದಿಲ್ಲ. ಡೆಸ್ಕ್‌ಟಾಪ್ ಕಾಲದಲ್ಲಿ ಯುಪಿಎಸ್ ಕೂಗಲು ಶುರು ಮಾಡಿದ ಕೂಡಲೇ ಸೇವ್ ಮಾಡಲು ಓಡುತ್ತಿದ್ದೆ. ಸ್ವಿಚ್‌ನಲ್ಲಿ ಬಟನ್ ಒತ್ತಿ ಮಲಗಿಸಿದರೆ ಆಯಿತು, ಬೆಳಿಗ್ಗೆ ಬಿಟ್ಟ ಜಾಗದಿಂದಲೇ ಶುರು. ಹೋದ ಮಳೆಗಾಲ ಅಕ್ಕನ ಮಗ ರಜೆಗೆ ಬಂದಿದ್ದ. ರಾತ್ರಿ ಮೇಣದಬತ್ತಿ ಹಚ್ಚಿಟ್ಟು ಸ್ವಿಚ್‌ನಲ್ಲಿ ಬಾಲ್ಡರ್ಸ್ ಗೇಟ್ ಆಡಿದೆವು. ಹಂಚಿನ ಮೇಲೆ ಮಳೆಯ ಸದ್ದಿಗೆ ಆಟದ ಮಾತು ಕೇಳಿಸುತ್ತಿರಲಿಲ್ಲ. ಅವನು ಓದಿ ಹೇಳಿದ, ಅವನಮ್ಮನ ಹಾಗೆಯೇ. ಆ ನಿಂತುಹೋದ ತಂಡ ನೆನಪಾಯಿತು. ಇಲ್ಲಿ ಯಾವ ಸಿಡಿಯನ್ನೂ ಯಾರೂ ಕೇಳಲಿಲ್ಲ, ಊರೊಳಗೆ ಹೋದೆವು.

ಲ್ಯಾಪ್‌ಟಾಪ್ ಹಳೆಯದು ಅಂತ ಚಿಂತೆ ಬೇಡ. ಇವು ಮೂಲದಲ್ಲಿ 640ಕ್ಕೆ 480ರ ಪರದೆಗೆ ಮಾಡಿದ ಆಟಗಳು, ದೊಡ್ಡ ಮಷೀನ್ ಕೇಳುವುದಿಲ್ಲ. ಅಭಿಮಾನಿಗಳು ಆಟವನ್ನು ಬದಲಿಸಲು ಮಾಡಿದ ಮಾಡ್‌ಗಳು ಬೇಕು ಅಂದರೆ ಲ್ಯಾಪ್‌ಟಾಪೇ ಸರಿ. ಮುಂದೆ ನೆವರ್‌ವಿಂಟರ್ ನೈಟ್ಸ್ ಆಡುವ ಮನಸ್ಸಿದ್ದರೂ ಅಷ್ಟೇ. 2002ರ ಆ ಆಟದ ದೊಡ್ಡ ಆಸ್ತಿ ಎಂದರೆ ನಾವೇ ಕಥೆ ಕಟ್ಟುವ ಸಲಕರಣೆ, ಅದು ಕನ್ಸೋಲ್‌ಗೆ ಬರಲಿಲ್ಲ.

ಸ್ವಿಚ್‌ನಲ್ಲಿ ಶುರು ಮಾಡುವ ಮೊದಲು ಎರಡು ಕೆಲಸ ಮಾಡಿ. ಆಪ್ಷನ್ಸ್‌ಗೆ ಹೋಗಿ ಅಕ್ಷರ ದೊಡ್ಡದು ಮಾಡಿಕೊಳ್ಳಿ, ಚಿಕ್ಕ ಪರದೆಯಲ್ಲಿ ಕಣ್ಣು ನೋಯುತ್ತದೆ. ಆಮೇಲೆ ಶತ್ರು ಕಂಡ ಕೂಡಲೇ ಆಟ ತಾನಾಗಿ ನಿಲ್ಲುವ ಆಟೋ ಪಾಜ್ ಆನ್ ಮಾಡಿ. ಕಂಟ್ರೋಲರ್‌ನಲ್ಲಿ ಆಡುವವರಿಗೆ ಅದೇ ಅರ್ಧ ಬಲ.

ಟಾರ್ಮೆಂಟ್‌ನಲ್ಲಿ ಪಾತ್ರ ಕಟ್ಟುವಾಗ ವಿಸ್ಡಮ್ (ವಿವೇಕ), ಇಂಟೆಲಿಜೆನ್ಸ್‌ಗೆ (ಬುದ್ಧಿಗೆ) ಜಾಸ್ತಿ ಅಂಕ ಹಾಕಿ, ಶಕ್ತಿ ಕಮ್ಮಿ ಇದ್ದರೂ ಪರವಾಗಿಲ್ಲ. ಡಕ್ಕೋನ್ ಅನ್ನುವ ಮುದುಕ ಒಂದು ಮದ್ಯದಂಗಡಿಯಲ್ಲಿ ಸಿಗುತ್ತಾನೆ. ಅವನ ಹತ್ತಿರ ಒಂದು ಕಲ್ಲಿನ ಚಕ್ರ ಇದೆ, ಅದನ್ನು ಕಲಿಸು ಅಂತ ಕೇಳಿ. ಒಂದೇ ಸಲಕ್ಕೆ ಬಿಡಬೇಡಿ, ಮತ್ತೆ ಮತ್ತೆ ಹೋಗಿ ಕೇಳಿ.