ಎಪಿಸ್ಕೋಪಲ್ ಚರ್ಚ್‌ನಲ್ಲಿ ನಾವು ಕರ್ತನ ಭೋಜನ ತೆಗೆದುಕೊಳ್ಳಬಹುದಾ?

ಧೈರ್ಯವಾಗಿ ತೆಗೆದುಕೊಳ್ಳಿ. ಊರಲ್ಲಿ ನೀವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಈಗ ಅಮೆರಿಕಕ್ಕೆ ಬಂದಿದ್ದೀರಿ, ಮನೆ ಹತ್ತಿರ ಇರುವುದು ಎಪಿಸ್ಕೋಪಲ್ ಚರ್ಚ್. ಅಲ್ಲಿ ಆರಾಧನೆ ಹೇಗಿರುತ್ತದೆ, ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ನಮ್ಮನ್ನು ಸೇರಿಸುತ್ತಾರಾ, ಹಿಂದೂ ಆಗಿರುವ ನನ್ನ ಗಂಡ ಜೊತೆಗೆ ಬರಬಹುದಾ ಎಂದು ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನನಗೂ ಇದೇ ಗೊಂದಲ ಇತ್ತು. ಕೇಳೋಣ ಅಂದರೆ ಗೊತ್ತಿದ್ದವರು ಯಾರೂ ಇರಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಾನು ಹಾಸನದ ಕಡೆಯವಳು. ನ್ಯೂಜೆರ್ಸಿಗೆ ಬರುವಾಗ ನಮ್ಮ ಸಭೆಯ ಪಾಸ್ಟರ್ ಆದ ಅಯ್ಯನವರಿಂದ ಒಂದು ಪತ್ರ ಬರೆಸಿಕೊಂಡು ಬಂದಿದ್ದೆ. ಇವಳು ನಮ್ಮ ಸಭೆಯವಳು, ದೀಕ್ಷಾಸ್ನಾನ ಆಗಿದೆ, ಕನ್ಫರ್ಮೇಶನ್, ಅಂದರೆ ದೊಡ್ಡವಳಾದ ಮೇಲೆ ವಿಶ್ವಾಸವನ್ನು ದೃಢಪಡಿಸುವುದು, ಅದೂ ಆಗಿದೆ ಅಂತ. ಮೊದಲ ಭಾನುವಾರ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತೆ. ಭೋಜನದ ಹೊತ್ತಿಗೆ ಎಲ್ಲರೂ ಎದ್ದು ಮುಂದೆ ಹೋದರು. ನಾನು ಹೋಗಲಿಲ್ಲ. ಯಾರಾದರೂ ಬಂದು ಕೇಳಿದರೆ ಪತ್ರ ತೋರಿಸೋಣ ಎಂದು ಕಾದೆ. ಯಾರೂ ಕೇಳಲಿಲ್ಲ. ಹೀಗೇ ಏಳು ವಾರ ಕಳೆಯಿತು. ಎಂಟನೇ ವಾರ ಪಕ್ಕದಲ್ಲಿ ಕೂರುತ್ತಿದ್ದ ಒಬ್ಬ ಅಜ್ಜಿ ನನ್ನ ಮೊಣಕೈ ಮುಟ್ಟಿ, ನಿನಗೆ ದೀಕ್ಷಾಸ್ನಾನ ಆಗಿದೆಯಾ ಎಂದು ಕೇಳಿದರು. ಹೂಂ ಅಂದೆ. ಹಾಗಾದರೆ ಬಾ ಎಂದು ಕರೆದುಕೊಂಡು ಹೋದರು. ನನ್ನ ಹಾಗೆ ನೀವು ಏಳು ವಾರ ಕಳೆದುಕೊಳ್ಳಬಾರದು.

ಅಜ್ಜಿ ಕೇಳಿದ್ದೇ ಅಲ್ಲಿನ ನಿಯಮ. ದೀಕ್ಷಾಸ್ನಾನ ಆದವರು ಯಾವ ಸಭೆಯವರೇ ಆಗಿರಲಿ, ಭೋಜನಕ್ಕೆ ಬರಬಹುದು. ಕನ್ಫರ್ಮೇಶನ್ ಆಗಿರಲೇಬೇಕು ಅಂತಿಲ್ಲ. ಪುಟ್ಟ ಮಕ್ಕಳೂ ಕೈ ಚಾಚುತ್ತಾರೆ. ಊರಲ್ಲಿ ಕನ್ಫರ್ಮೇಶನ್ ಆಗುವ ತನಕ ಕಾದವಳಿಗೆ ಅದು ಮೊದಮೊದಲು ವಿಚಿತ್ರ ಅನ್ನಿಸಿತು. ಈಗ ಆ ಮಕ್ಕಳನ್ನು ನೋಡುವುದೇ ನನಗೆ ಸಂತೋಷ. ಇನ್ನು ನಾವಂತೂ ಹೊರಗಿನವರೂ ಅಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ ಪರಂಪರೆಯವರು), ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು ಸೇರಿ ಸಿ.ಎಸ್.ಐ. ಆಯಿತು ಅಲ್ವಾ. ಇವತ್ತು ಸಿ.ಎಸ್.ಐ. ಮತ್ತು ಎಪಿಸ್ಕೋಪಲ್ ಚರ್ಚ್ ಎರಡೂ ಆಂಗ್ಲಿಕನ್ ಕಮ್ಯೂನಿಯನ್ ಎಂಬ ಒಂದೇ ಬಳಗದ ಸದಸ್ಯರು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ ಹಾಗೆ.

ಎಪಿಸ್ಕೋಪಲ್ ಎಂಬ ಬೇರೆ ಹೆಸರು ಬಂದದ್ದಕ್ಕೆ ಅಮೆರಿಕದ ಸ್ವಾತಂತ್ರ್ಯ ಯುದ್ಧ ಕಾರಣ. ಯುದ್ಧ ಮುಗಿದ ಮೇಲೆ ಅಲ್ಲಿನವರಿಗೆ ಬಿಷಪ್ ಬೇಕಿತ್ತು. ಇಂಗ್ಲೆಂಡಿನಲ್ಲಿ ಬಿಷಪ್ ಆಗಬೇಕಾದರೆ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಅದು ಹೇಗೆ ಸಾಧ್ಯ? ಕನೆಕ್ಟಿಕಟ್‌ನ ಸ್ಯಾಮ್ಯುಯೆಲ್ ಸೀಬರಿ 1784ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಹೋಗಿ ಅಲ್ಲಿನ ಬಿಷಪ್‌ಗಳ ಕೈಯಿಂದ ಅಭಿಷೇಕ ಪಡೆದರು. 1789ರಲ್ಲಿ ಅಮೆರಿಕದವರದ್ದೇ ಪ್ರಾರ್ಥನಾ ಪುಸ್ತಕ ಬಂತು. ಎಪಿಸ್ಕೋಪಲ್ ಅಂದರೆ ಬಿಷಪ್‌ಗಳು ಇರುವ ಸಭೆ ಎಂದಷ್ಟೇ ಅರ್ಥ.

ಈಗ ಬಳಕೆಯಲ್ಲಿರುವುದು 1979ರ ಪುಸ್ತಕ. ಬೆಂಚಿನ ಹಿಂದೆ ಅದೂ ಇರುತ್ತದೆ, ಹಾಡಿನ ಪುಸ್ತಕವೂ ಇರುತ್ತದೆ. ಆರಾಧನೆಯಲ್ಲಿ ಎರಡು ಬಗೆ. ರೈಟ್ ಒನ್ ಹಳೆಯ ಇಂಗ್ಲಿಷಿನದು, ರೈಟ್ ಟೂ ಇವತ್ತಿನ ಇಂಗ್ಲಿಷಿನದು. ಎಷ್ಟೋ ಕಡೆ ಬೆಳಿಗ್ಗೆ ಎಂಟಕ್ಕೆ ಹಾಡಿಲ್ಲದ ಸಣ್ಣ ಆರಾಧನೆ, ಹತ್ತರ ಸುಮಾರಿಗೆ ಕಾಯರ್ ಮತ್ತು ಆರ್ಗನ್ ಇರುವ ದೊಡ್ಡ ಆರಾಧನೆ. ಮೊದಲ ಸಲ ಹತ್ತರದ್ದಕ್ಕೇ ಹೋಗಿ. ಸಾಮಾನ್ಯವಾಗಿ ಬಾಗಿಲಲ್ಲೇ ಆ ದಿನದ ಕ್ರಮ ಅಚ್ಚು ಹಾಕಿದ ಹಾಳೆ ಕೊಡುತ್ತಾರೆ. ಮುಂದಿನ ಬೆಂಚು ಬೇಡ. ನಡುವೆ ಕೂತರೆ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂದು ಮುಂದಿನವರನ್ನು ನೋಡಿದರೆ ತಿಳಿಯುತ್ತದೆ.

ಕ್ರಮ ನಿಮಗೆ ಪರಿಚಯದ್ದೇ. ಹಳೆಯ ಒಡಂಬಡಿಕೆಯ ಪಾಠ, ಕೀರ್ತನೆ, ಅಪೊಸ್ತಲರ ಪತ್ರಿಕೆ, ಆಮೇಲೆ ಸುವಾರ್ತೆ. ಸುವಾರ್ತೆಯ ಪುಸ್ತಕವನ್ನು ತುಂಬಾ ಕಡೆ ಜನರ ನಡುವೆ ಎತ್ತಿಕೊಂಡು ಬಂದು ಓದುತ್ತಾರೆ, ಎಲ್ಲರೂ ಅದರ ಕಡೆ ತಿರುಗಿ ನಿಲ್ಲುತ್ತಾರೆ. ನಮ್ಮೂರಲ್ಲಿ ನಾನು ಅದನ್ನು ನೋಡಿರಲಿಲ್ಲ. ಪ್ರಸಂಗ ಊರಿನದಕ್ಕಿಂತ ಚಿಕ್ಕದು, ಇಲ್ಲಿನ ನಮ್ಮ ಚರ್ಚ್‌ನಲ್ಲಿ ಹದಿನೈದು ನಿಮಿಷ ದಾಟುವುದಿಲ್ಲ. ನಂತರ ನೈಸಿಯ ವಿಶ್ವಾಸ ಪ್ರಮಾಣ, ಜನರ ಪ್ರಾರ್ಥನೆ, ಪಾಪದ ಅರಿಕೆ, ಕ್ಷಮೆಯ ಮಾತು.

ಅದಾದ ಮೇಲೆ ಸಮಾಧಾನ. ಇದರ ಬಗ್ಗೆ ಹೇಳದೆ ಇರಲಾರೆ. ಪ್ರೀಸ್ಟ್ ಕರ್ತನ ಸಮಾಧಾನ ನಿಮ್ಮ ಸಂಗಡ ಇರಲಿ ಅನ್ನುತ್ತಿದ್ದ ಹಾಗೆ ಎಲ್ಲರೂ ಬೆಂಚು ಬಿಟ್ಟು ಓಡಾಡಿ ಒಬ್ಬರ ಕೈ ಒಬ್ಬರು ಹಿಡಿಯುತ್ತಾರೆ. ಇದು ಅಮೆರಿಕದವರ ಸಲಿಗೆ ಎಂದುಕೊಂಡಿದ್ದೆ. ಆಮೇಲೆ ಓದಿ ತಿಳಿಯಿತು. 1950ರಲ್ಲಿ ಸಿ.ಎಸ್.ಐ. ತನ್ನದೇ ಆದ ಕರ್ತನ ಭೋಜನದ ಕ್ರಮ ಮಾಡಿದಾಗ, ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಉಳಿದುಕೊಂಡಿದ್ದ ಒಂದು ಪದ್ಧತಿಯನ್ನು ಅದರೊಳಗೆ ತಂದಿತು. ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವುದು. ಊರಲ್ಲಿ ನಮ್ಮ ಅಜ್ಜಿ ಎರಡೂ ಅಂಗೈ ನಡುವೆ ನನ್ನ ಕೈ ಮುಚ್ಚಿ ಹಿಡಿಯುತ್ತಿದ್ದರಲ್ಲ, ಅದೇ. ಆಗ ಪಶ್ಚಿಮದ ಸಭೆಗಳಲ್ಲಿ ಜನಸಾಮಾನ್ಯರ ನಡುವೆ ಇದು ಹೆಚ್ಚುಕಡಿಮೆ ಬಿಟ್ಟೇ ಹೋಗಿತ್ತು. ಮುಂದೆ ಬೇರೆ ದೇಶದ ಆಂಗ್ಲಿಕನ್ನರು ತಮ್ಮ ಪುಸ್ತಕ ತಿದ್ದುವಾಗ ನಮ್ಮ ಕ್ರಮವನ್ನು ಆಸ್ಥೆಯಿಂದ ನೋಡಿದರು. ಎಪಿಸ್ಕೋಪಲ್ ಚರ್ಚಿನ 1979ರ ಪುಸ್ತಕದಲ್ಲೂ ಸಮಾಧಾನಕ್ಕೆ ಜಾಗ ಸಿಕ್ಕಿತು. ಇದನ್ನು ತಿಳಿದ ಭಾನುವಾರ ಅಲ್ಲಿನವರ ಕೈ ಹಿಡಿಯುವಾಗ ನನಗೆ ಕಣ್ಣು ತುಂಬಿ ಬಂತು.

ಭೋಜನದ ಬಗ್ಗೆ ಈಗ. ನಮ್ಮೂರ ಸಭೆಯಲ್ಲಿ ತಿಂಗಳಿಗೊಮ್ಮೆ, ಮೊದಲ ಭಾನುವಾರ. ಇಲ್ಲಿ ಪ್ರತಿ ಭಾನುವಾರ. ಜಾಸ್ತಿ ಆದರೆ ಬೆಲೆ ಕಡಿಮೆ ಆಗುತ್ತದೇನೋ ಎಂದು ಹೆದರಿದ್ದೆ, ಹಾಗೇನೂ ಆಗಲಿಲ್ಲ. ದಿನಾ ಊಟ ಮಾಡುತ್ತೇವೆ ಅಂತ ಅಮ್ಮನ ಅಡುಗೆ ಸಪ್ಪೆ ಅನ್ನಿಸುತ್ತದಾ? ಸಾಲಿನಲ್ಲಿ ಹೋಗಿ ಕಟಕಟೆಯ ಹತ್ತಿರ ಮೊಣಕಾಲೂರಿ. ಆಗದಿದ್ದರೆ ನಿಂತರೂ ಸರಿ. ಎಡ ಅಂಗೈ ಮೇಲೆ ಬಲ ಅಂಗೈ ಇಟ್ಟು ಚಾಚಿ. ರೊಟ್ಟಿಯನ್ನು ಕೈಯಲ್ಲಿಟ್ಟು ಇದು ಕ್ರಿಸ್ತನ ದೇಹ ಅನ್ನುತ್ತಾರೆ, ನೀವು ಆಮೆನ್ ಅನ್ನಿ. ಆಮೇಲೆ ಪಾತ್ರೆ ಬರುತ್ತದೆ. ನಮ್ಮಲ್ಲಿಯ ಹಾಗೆ ಪುಟ್ಟ ಪುಟ್ಟ ಲೋಟ ಅಲ್ಲ, ಎಲ್ಲರಿಗೂ ಒಂದೇ ಪಾತ್ರೆ. ಒಳಗಿರುವುದು ನಿಜವಾದ ವೈನ್. ಒಬ್ಬರು ಕುಡಿದ ಮೇಲೆ ಬಟ್ಟೆಯಿಂದ ಅಂಚು ಒರೆಸಿ, ಪಾತ್ರೆ ತಿರುಗಿಸಿ ಮುಂದಿನವರಿಗೆ ಕೊಡುತ್ತಾರೆ. ಬೇಡ ಅನ್ನಿಸಿದರೆ ರೊಟ್ಟಿ ಮಾತ್ರ ತೆಗೆದುಕೊಳ್ಳಿ. ಅಷ್ಟೇ ತೆಗೆದುಕೊಂಡರೂ ಪೂರ್ತಿ ಪಡೆದ ಹಾಗೆಯೇ. ಕೆಲವರು ರೊಟ್ಟಿಯನ್ನು ವೈನ್‌ನಲ್ಲಿ ಅದ್ದಿಕೊಳ್ಳುತ್ತಾರೆ. ಅದು ಒಂದೊಂದು ಕಡೆ ಒಂದೊಂದು ರೀತಿ, ಪಕ್ಕದವರನ್ನು ನೋಡಿ ಮಾಡಿ.

ಅಮ್ಮ ಒಂದು ಬೇಸಿಗೆಯಲ್ಲಿ ನನ್ನ ಜೊತೆ ಇದ್ದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಸುಮ್ನೆ ಕೂತಿರುತ್ತಾರೆ ಎಂದುಕೊಂಡು ಕರೆದುಕೊಂಡು ಹೋದೆ. ನಿಮ್ಮ ಹೃದಯಗಳನ್ನು ಮೇಲಕ್ಕೆತ್ತಿರಿ ಎಂಬ ಭಾಗ ಬಂತು. ಪಕ್ಕದಲ್ಲಿ ಮೆಲ್ಲಗೆ ಒಂದು ದನಿ, ಕನ್ನಡದಲ್ಲಿ ಉತ್ತರ ಹೇಳುತ್ತಿತ್ತು. ಒಂದು ಉತ್ತರವೂ ತಪ್ಪಲಿಲ್ಲ. ಪ್ರೀಸ್ಟ್ ಇಂಗ್ಲಿಷಿನಲ್ಲಿ ಮುಗಿಸುವ ಹೊತ್ತಿಗೆ ಸರಿಯಾಗಿ ಅಮ್ಮನ ಕನ್ನಡವೂ ಮುಗಿಯುತ್ತಿತ್ತು. ಪಾತ್ರೆಯ ಮುಂದೆ ಮಾತ್ರ ಒಂದು ಕ್ಷಣ ತಡೆದು ನನ್ನ ಮುಖ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಎರಡೂ ಕೈಯಿಂದ ಹಿಡಿದು ಕುಡಿದರು.

ನಿಮ್ಮ ಗಂಡ ಖಂಡಿತ ಬರಲಿ. ಎದ್ದು ನಿಲ್ಲುವುದು, ಹಾಡುವುದು, ಯಾವುದಕ್ಕೂ ಒತ್ತಾಯ ಇಲ್ಲ. ಭೋಜನದ ಹೊತ್ತಿಗೆ ಕೂತೇ ಇರಬಹುದು. ಇಲ್ಲವಾದರೆ ನಿಮ್ಮ ಜೊತೆ ಮುಂದೆ ಬಂದು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಳ್ಳಲಿ. ಪ್ರೀಸ್ಟ್‌ಗೆ ಅರ್ಥವಾಗುತ್ತದೆ, ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡುತ್ತಾರೆ. ಶಿವಮೊಗ್ಗದ ನನ್ನ ಗೆಳತಿ ಒಂದು ಕ್ರಿಸ್‌ಮಸ್ ರಾತ್ರಿ ಹಾಗೆಯೇ ಬಂದಿದ್ದಳು, ಈಗ ಪ್ರತಿ ಕ್ರಿಸ್‌ಮಸ್‌ಗೂ ಬರುತ್ತಾಳೆ. ಕೆಲವು ಚರ್ಚ್‌ಗಳಲ್ಲಿ ದೀಕ್ಷಾಸ್ನಾನ ಕೇಳದೆ ಎಲ್ಲರನ್ನೂ ಭೋಜನಕ್ಕೆ ಕರೆಯುವುದೂ ಉಂಟು. ಅದು ಸಭೆಯ ನಿಯಮ ಅಲ್ಲ, ಅದರ ಬಗ್ಗೆ ಅವರೊಳಗೇ ಚರ್ಚೆ ಇದೆ. ನನ್ನ ಮಾತು ಕೇಳಿದರೆ, ಅದನ್ನು ನಿಮ್ಮ ಗಂಡನ ಮನಸ್ಸಿಗೆ ಬಿಡಿ, ನೀವು ಒತ್ತಾಯ ಮಾಡಬೇಡಿ.

ಮುಗಿದ ಮೇಲೆ ಕಾಫಿ ಇರುತ್ತದೆ, ಬೇಗ ಹೊರಟುಬಿಡಬೇಡಿ. ಬಾಗಿಲಲ್ಲಿ ನಿಂತಿರುವ ಪ್ರೀಸ್ಟ್‌ಗೆ ಚರ್ಚ್ ಆಫ್ ಸೌತ್ ಇಂಡಿಯಾದವಳು ಎಂದು ಹೇಳಿ. ಮುಂದೆ ಅಲ್ಲೇ ಸದಸ್ಯರಾಗಬೇಕು ಅನ್ನಿಸಿದರೆ ಊರಿನ ಪತ್ರ ಆಗ ಕೆಲಸಕ್ಕೆ ಬರುತ್ತದೆ. ತಂದಿಲ್ಲದಿದ್ದರೆ ನಿಮ್ಮ ಅಯ್ಯನವರಿಗೆ ವಾಟ್ಸಾಪ್ ಮಾಡಿ ತರಿಸಿಕೊಳ್ಳಿ. ಆದರೆ ಅದು ಬರಲಿ ಅಂತ ಈ ಭಾನುವಾರ ಬೆಂಚಿನಲ್ಲೇ ಕೂತಿರಬೇಡಿ.